ಗೋಡೆಯ ಪ್ಲಗ್ಗಿನಿಂದ ಆರಂಭಿಸಿ: ಮೊದಲ ಬಾರಿ ಕಂಪ್ಯೂಟರ್ ಜೋಡಿಸುವವರಿಗೆ ಬಿಡಿಭಾಗಗಳ ಆಯ್ಕೆ

ಬಿಡಿಭಾಗಗಳನ್ನು ತಾವೇ ಆರಿಸಿ ತಂದು ಡೆಸ್ಕ್‌ಟಾಪ್ ಜೋಡಿಸಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಪ್ರೊಸೆಸರ್ ಒಳ್ಳೆಯದು ಎಂದು. ಬೆಂಗಳೂರಿನಲ್ಲಿ ಇದು ಸರಿಯಾದ ಪ್ರಶ್ನೆಯೇ ಇರಬಹುದು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಹಾಗೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಮನೆಗಳಲ್ಲಿ ಅದನ್ನು ನಾಲ್ಕನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳುವುದು ಮೇಲು. ಕಾಳಿ ನದಿಗೆ ಅಡ್ಡಲಾಗಿ ಅಣೆಕಟ್ಟುಗಳನ್ನು ಕಟ್ಟಿಸಿಕೊಂಡು, ಕೈಗಾದಲ್ಲಿ ಅಣುಸ್ಥಾವರವನ್ನೂ ಇಟ್ಟುಕೊಂಡು ನಾಡಿಗೆಲ್ಲ ವಿದ್ಯುತ್ ಕೊಡುವ ಜಿಲ್ಲೆ ನಮ್ಮದು. ಆದರೂ ಮೃಗಶಿರಾ ಮಳೆ ಹಿಡಿದ ಮೇಲೆ ಲೈನಿನ ಮೇಲೆ ಯಾವ ಮರ ಯಾವಾಗ ಬೀಳುತ್ತದೆಂದು ಹೇಳಲಾಗದು. ನಾನು ಕಂಡ ಸುಟ್ಟ ಕಂಪ್ಯೂಟರುಗಳಲ್ಲಿ ಪ್ರೊಸೆಸರ್ ತಪ್ಪಾಗಿ ಆರಿಸಿದ್ದರಿಂದ ಹಾಳಾದದ್ದು ಒಂದೂ ಇಲ್ಲ. ಹಾಳಾದವೆಲ್ಲ ಕರೆಂಟಿನಿಂದ, ಸಿಡಿಲಿನಿಂದ, ತೇವದಿಂದ, ಒಮ್ಮೆಯಂತೂ ಹಲ್ಲಿಯಿಂದ.

ಮೊದಲು ಕೆಲಸವನ್ನು ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ, ಈ ಯಂತ್ರದಲ್ಲಿ ಮುಂದಿನ ಐದು ವರ್ಷ ನಿಜವಾಗಿ ಏನು ಮಾಡುತ್ತೀರಿ ಎಂಬುದನ್ನು ಬರೆಯಿರಿ. ‘ಎಲ್ಲದಕ್ಕೂ ಬೇಕು’ ಎಂದು ಬರೆದರೆ ಅಂಗಡಿಯವನಿಗೆ ಮಾತ್ರ ಅನುಕೂಲ. ಲೆಕ್ಕಪತ್ರ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಆದರೆ ನಾಲ್ಕು ಕೋರ್‌ಗಳ ಸಾಮಾನ್ಯ ಪ್ರೊಸೆಸರ್ ಧಾರಾಳ ಸಾಕು. ಎಂಜಿನಿಯರಿಂಗ್ ವಿದ್ಯಾರ್ಥಿಯ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ) ಕೆಲಸ ಮತ್ತು ಆಟಗಳಿಗೆ ಬೇರೆಯೇ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ.

ಉದಾಹರಣೆಗೆ ಶಿರಸಿ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗನನ್ನೇ ತೆಗೆದುಕೊಳ್ಳುತ್ತೇನೆ. ಅಡಿಕೆ ತೋಟ ನೋಡಿಕೊಂಡಿರುವ ಅವನು ಊರಿನ ಯಕ್ಷಗಾನ ಬಯಲಾಟಗಳನ್ನು ಎರಡು ಮೊಬೈಲುಗಳಲ್ಲಿ ಚಿತ್ರೀಕರಿಸಿ, ಪ್ರಸಂಗವನ್ನು ತುಂಡು ತುಂಡಾಗಿ ಯೂಟ್ಯೂಬಿಗೆ ಏರಿಸುತ್ತಾನೆ. ಅವನ ಹಾಳೆಯಲ್ಲಿದ್ದದ್ದು ಎರಡೇ ಸಾಲು: ಇಡೀ ರಾತ್ರಿಯ 4ಕೆ ವಿಡಿಯೊ ಕತ್ತರಿಸುವುದು, ಅದನ್ನು ಕಳೆದುಹೋಗದಂತೆ ಇಟ್ಟುಕೊಳ್ಳುವುದು. ಆಟವಾಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಬಿಡುವೆಲ್ಲಿದೆ ಎಂದ. ಈ ಒಂದು ಉತ್ತರದಿಂದ ಅವನ ಖರ್ಚಿನ ಮೂರನೆಯ ಒಂದು ಭಾಗದಷ್ಟು ಉಳಿಯಿತು.

ಗೋಡೆಯನ್ನು ಪರೀಕ್ಷಿಸಿ

ಎರಡನೆಯ ಹೆಜ್ಜೆಗೆ ಬೇಕಾದದ್ದು ಒಂದು ಮಲ್ಟಿಮೀಟರ್. ಅದನ್ನು ಬಳಸಿ ರೂಢಿ ಇಲ್ಲದವರು ವೈರಿಂಗ್ ಮಾಡುವವರನ್ನು ಕರೆಸಿಕೊಳ್ಳಬೇಕು. ಕಂಪ್ಯೂಟರ್ ಇಡಲಿರುವ ಜಾಗದ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಇರಬೇಕು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ.

ಹಳೆಯ ಯಂತ್ರದ ಬಗ್ಗೆ ಅಳಿಯ ಹೇಳಿದ್ದು ಇದನ್ನೇ: “ಮಾವಾ, ಡಬ್ಬಿ ಮುಟ್ಟಿದ್ರೆ ಕೈ ಜುಂ ಹೇಳ್ತು.” ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಒಳಬಾಗಿಲಲ್ಲೇ ಕರೆಂಟಿನ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ, ಒಂದು ಫೇಸಿನಿಂದ, ಇನ್ನೊಂದು ನ್ಯೂಟ್ರಲಿನಿಂದ ಕ್ಯಾಬಿನೆಟ್ಟಿನ ತಗಡಿಗೆ ಸೇರಿಕೊಂಡಿರುತ್ತದೆ. ಅರ್ತಿಂಗ್ ಇದ್ದರೆ ಅವುಗಳ ಮೂಲಕ ಬರುವ ಅತ್ಯಲ್ಪ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲವಾದರೆ ತಗಡು ಪೂರ್ತಿ ವೋಲ್ಟೇಜಿನ ಅರ್ಧದಷ್ಟರಲ್ಲಿ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕರೆಂಟಿನ ಪ್ರಮಾಣ ಕಡಿಮೆಯಾದ್ದರಿಂದ ಕೈ ಜುಮ್ಮೆನ್ನುವುದರಲ್ಲೇ ಮುಗಿಯುತ್ತದೆ. ಆದರೆ ಒಳಗೆ ನಿಜವಾದ ದೋಷವುಂಟಾದ ದಿನ ಅಷ್ಟರಲ್ಲೇ ಮುಗಿಯುವುದಿಲ್ಲ. ಚಿರೆಕಲ್ಲಿನ ನೆಲದಲ್ಲಿ ತೇವ ಬೇಗ ಇಳಿದುಹೋಗುವುದರಿಂದ ಇದ್ದಿಲು, ಉಪ್ಪು ತುಂಬಿದ ಸರಿಯಾದ ಅರ್ತಿಂಗ್ ಗುಂಡಿಯನ್ನು ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕುತ್ತಿರಬೇಕು. ಕರೆಂಟಿನ ಹಠಾತ್ ಏರಿಕೆಯನ್ನು ತಡೆಯುವ ಸ್ಪೈಕ್ ಗಾರ್ಡ್ ಕೊಳ್ಳುವುದು ಇದೆಲ್ಲ ಆದ ಮೇಲಿನ ಮಾತು, ಏಕೆಂದರೆ ಅರ್ತಿಂಗ್ ಇಲ್ಲದ ಕಡೆ ಅದರ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ.

ಸಿಡಿಲಿಗೆ ಯಾವ ಗಾರ್ಡೂ ಉತ್ತರವಲ್ಲ; ಪ್ಲಗ್ ಕೀಳುವುದೊಂದೇ ದಾರಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗಳಲ್ಲಿ ಮತ್ತು ಹಿಂಗಾರಿನ ಅಕ್ಟೋಬರಿನಲ್ಲಿ ಇದನ್ನು ಮನೆಯವರೆಲ್ಲರಿಗೂ ರೂಢಿ ಮಾಡಿಸಬೇಕು. ನಾನು ಒಮ್ಮೆ ಪ್ಲಗ್ ಕಿತ್ತು, ಮಹಡಿಯ ಮೇಲಿನ ಡಿಶ್‌ನಿಂದ ಬಂದಿದ್ದ ಇಂಟರ್‌ನೆಟ್ ಕೇಬಲ್ಲನ್ನು ಕೀಳದೆ ಬಿಟ್ಟೆ. ಮರುದಿನ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸತ್ತಿತ್ತು, ಉಳಿದದ್ದೆಲ್ಲ ಬದುಕಿತ್ತು. ಮನೆಗೆ ಫೈಬರ್ ಬಂದಿದ್ದರೆ ಈ ಭಯ ಬಹಳ ಕಡಿಮೆ, ಏಕೆಂದರೆ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಗೇ ಸಿಕ್ಕಿಸಿರುತ್ತದೆ ಎಂಬುದು ನೆನಪಿರಲಿ.

ಎಸ್‌ಎಂಪಿಎಸ್ ಮತ್ತು ಯುಪಿಎಸ್

ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡ. ಇದೊಂದು ಮಾತನ್ನು ಒಪ್ಪಿಕೊಂಡರೆ ಈ ಲೇಖನದ ಅರ್ಧ ಪ್ರಯೋಜನ ಆದಂತೆ. ಅಂಥದೊಂದರ ಮೇಲೆ ‘450 ವ್ಯಾಟ್’ ಎಂದು ದೊಡ್ಡದಾಗಿ ಬರೆದಿತ್ತು. ಬದಿಯ ಚೀಟಿಯಲ್ಲಿ 12 ವೋಲ್ಟಿನ ಸಾಲಿನಲ್ಲಿ ಮಾತ್ರ 18 ಆಂಪಿಯರ್ ಎಂದಿತ್ತು. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು ಹೆಚ್ಚುಕಡಿಮೆ ಪೂರ್ತಿ ಶಕ್ತಿಯನ್ನು ಪಡೆಯುವುದು ಈ 12 ವೋಲ್ಟಿನಿಂದಲೇ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಅದರ ನಿಜವಾದ ಯೋಗ್ಯತೆ ಅಷ್ಟೇ. ಪ್ರಾಮಾಣಿಕವಾದ 450 ವ್ಯಾಟಿನದರಲ್ಲಿ ಅದೇ ಸಾಲಿನಲ್ಲಿ 36 ಆಂಪಿಯರ್ ಆಸುಪಾಸು ಇರುತ್ತದೆ. ಅಂಗಡಿಯಲ್ಲಿ ನಿಂತೇ ಈ ಗುಣಾಕಾರ ಮಾಡಿ.

ಚೀಟಿಯಲ್ಲಿ ನೋಡಬೇಕಾದ ಇನ್ನೊಂದು ಸಾಲು ಇನ್‌ಪುಟ್. ಅಗ್ಗದವುಗಳಲ್ಲಿ 200ರಿಂದ 240 ವೋಲ್ಟ್ ಎಂದಿರುತ್ತದೆ. ಲೈನಿನಿಂದ ಕರೆಂಟನ್ನು ಸಮವಾಗಿ ಎಳೆದುಕೊಳ್ಳುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಲೈನಿನ ಕೊನೆಯ ಮನೆಗಳಲ್ಲಿ, ತೋಟದ ಪಂಪ್‌ಸೆಟ್ ಚಾಲೂ ಆದೊಡನೆ ಬಲ್ಬು ಕೆಂಪಗಾಗುವ ಮನೆಗಳಲ್ಲಿ, ಈ ವ್ಯತ್ಯಾಸ ಪುಸ್ತಕದ ಮಾತಲ್ಲ: 170 ವೋಲ್ಟಿಗೆ ಇಳಿದಾಗಲೂ ಎರಡನೆಯದು ನಡೆಯುತ್ತಿರುತ್ತದೆ. ‘80 ಪ್ಲಸ್’ ಮುದ್ರೆಯನ್ನು ಎಲ್ಲರೂ ನೋಡುತ್ತಾರೆ, ನೋಡಲೂ ಬೇಕು. ಆದರೆ ಅದು ಹೇಳುವುದು ಎಷ್ಟು ವಿದ್ಯುತ್ ಶಾಖವಾಗಿ ವ್ಯರ್ಥವಾಗದೆ ಉಳಿಯುತ್ತದೆ ಎಂಬುದನ್ನೇ ಹೊರತು ಏರುಪೇರಿನಿಂದ ಎಷ್ಟು ರಕ್ಷಣೆ ಇದೆ ಎಂಬುದನ್ನಲ್ಲ. ಕೇಬಲ್ಲುಗಳನ್ನು ಬಿಚ್ಚಿ ಹಾಕಬಹುದಾದ ಮಾದರಿ ಕೊಂಡರೆ ಒಂದು ಎಚ್ಚರ: ಒಂದು ಕಂಪನಿಯ ಕೇಬಲ್ಲನ್ನು ಇನ್ನೊಂದರ ಎಸ್‌ಎಂಪಿಎಸ್‌ಗೆ ಎಂದೂ ಹಾಕಬಾರದು, ಏಕೆಂದರೆ ತುದಿ ಹೊಂದಿಕೊಂಡರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಸುಟ್ಟುಹೋಗುತ್ತದೆ.

ಕರೆಂಟ್ ಹೋದೊಡನೆ ಬ್ಯಾಟರಿಯಿಂದ ಯಂತ್ರ ನಡೆಸುವ ಯುಪಿಎಸ್ ನಮ್ಮಲ್ಲಿ ಐಚ್ಛಿಕ ವಸ್ತುವಲ್ಲ, ಬಿಡಿಭಾಗಗಳ ಪಟ್ಟಿಯಲ್ಲೇ ಅದು ಬರಬೇಕು. ಪೆಟ್ಟಿಗೆಯ ಮೇಲಿನ 600 ವಿಎ ಎಂಬುದು 600 ವ್ಯಾಟ್ ಅಲ್ಲ. ಅಂಥ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಮತ್ತು ಮಾನಿಟರಿಗೆ ಅಷ್ಟು ಸಾಕು, ಕಾರ್ಡ್ ಇದ್ದರೆ 1000 ವಿಎ ಮೇಲಿನದನ್ನು ನೋಡಬೇಕು. ಒಳಗಿರುವ 12 ವೋಲ್ಟಿನ ಸೀಸದ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಅದನ್ನು ಬದಲಾಯಿಸಿದರಾಯಿತು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಏಕೆ ಎಂದು ಅನೇಕರು ಕೇಳುತ್ತಾರೆ. ಕರೆಂಟ್ ಹೋದ ಕ್ಷಣದಿಂದ ಎಸ್‌ಎಂಪಿಎಸ್ ತನ್ನಲ್ಲಿ ಕೂಡಿಟ್ಟುಕೊಂಡ ಶಕ್ತಿಯಿಂದ ಯಂತ್ರವನ್ನು ಹಿಡಿದು ನಿಲ್ಲಿಸುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಯುಪಿಎಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ. ದೀಪ, ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು, ಅಷ್ಟರಲ್ಲಿ ಕಂಪ್ಯೂಟರ್ ಒಮ್ಮೆ ಕಣ್ಣು ಮುಚ್ಚಿ ತೆರೆದಿರುತ್ತದೆ. ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಸೈನ್ ವೇವ್ ಇನ್ವರ್ಟರ್ ಇದ್ದು, ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ ಕೆಲಸ ಸಾಗಿಸಬಹುದು. ಮೆಟ್ಟಿಲಿನಂತೆ ಏರಿಳಿಯುವ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಆ್ಯಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್ ನಡೆಸುವ ಸಾಹಸವನ್ನು ನಾನಂತೂ ಮಾಡುವುದಿಲ್ಲ.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್: ಮೂರಲ್ಲ, ಒಂದೇ ನಿರ್ಧಾರ

ಈಗ ನಾಲ್ಕನೆಯ ಪ್ರಶ್ನೆಗೆ ಬರೋಣ. ಈ ಮೂರನ್ನು ಬೇರೆ ಬೇರೆಯಾಗಿ ಆರಿಸಲಾಗದು, ಏಕೆಂದರೆ ಪ್ರೊಸೆಸರ್ ಕೂರುವ ಸಾಕೆಟ್ ಮದರ್‌ಬೋರ್ಡನ್ನು ನಿರ್ಧರಿಸುತ್ತದೆ, ಮದರ್‌ಬೋರ್ಡ್ ರ‍್ಯಾಮಿನ ಜಾತಿಯನ್ನು ನಿರ್ಧರಿಸುತ್ತದೆ. ಇಂಟೆಲ್‌ನ 12, 13, 14ನೇ ತಲೆಮಾರುಗಳು ಎಲ್‌ಜಿಎ 1700 ಸಾಕೆಟ್ಟಿಗೆ ಸೇರುತ್ತವೆ. ಅದರ ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ರ‍್ಯಾಮಿಗೆ, ಕೆಲವು ಡಿಡಿಆರ್5ಕ್ಕೆ ಮಾಡಿದವು. ಎಎಂಡಿಯ ಎಎಂ4 ಸಾಕೆಟ್ಟಿಗೆ ಡಿಡಿಆರ್4 ಮಾತ್ರ, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಎರಡು ಜಾತಿಯ ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದಿಲ್ಲ. ಒತ್ತಿ ಕೂರಿಸಲು ಹೋದವರ ಬೋರ್ಡ್ ಮುರಿದದ್ದುಂಟು.

ಅಳಿಯನಿಗೆ ನಾನು ಆರಿಸಿದ್ದು ಆರು ಕೋರ್, ಹನ್ನೆರಡು ಥ್ರೆಡ್‌ಗಳ ಕೋರ್ ಐ5-12400. ಇದು 2022ರ ಜನವರಿಯದು, ಹೊಸತೇನಲ್ಲ. ಆದರೆ ಮೊಬೈಲುಗಳು 4ಕೆ ವಿಡಿಯೊವನ್ನು ಎಚ್.265 ಎಂಬ ಒತ್ತಿದ ರೂಪದಲ್ಲಿ ಉಳಿಸುತ್ತವೆ, ಅದನ್ನು ಬಿಡಿಸಿ ತೋರಿಸುವುದೇ ಎಡಿಟಿಂಗಿನಲ್ಲಿ ಯಂತ್ರ ಏದುಸಿರು ಬಿಡುವ ಜಾಗ. ಈ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಆ ಕೆಲಸಕ್ಕೆಂದೇ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಆದ್ದರಿಂದ ಹೆಸರಿನ ಕೊನೆಯ ಅಕ್ಷರವನ್ನು ಬಿಲ್ಲಿನಲ್ಲಿ ಎರಡೆರಡು ಬಾರಿ ಓದಬೇಕು: 12400ಎಫ್ ಎಂದಿದ್ದರೆ ಬೆಲೆ ಸ್ವಲ್ಪ ಕಡಿಮೆ, ಆದರೆ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ, ಕಾರ್ಡ್ ಹಾಕದ ಹೊರತು ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂಡಿಯ ಎಎಂ4 ಸಾಲಿನಲ್ಲೂ ಇದೇ ತೊಡಕು ಬೇರೆ ರೂಪದಲ್ಲಿದೆ. 5600ಜಿ ಎಂಬುದರಲ್ಲಿ ಗ್ರಾಫಿಕ್ಸ್ ಇದೆ, ಬರಿಯ 5600ರಲ್ಲಿ ಇಲ್ಲ.

ಎಲ್‌ಜಿಎ 1700 ಮತ್ತು ಎಎಂ4 ಎರಡೂ ಮುಂದೆ ಬೆಳೆಯದ ಸಾಕೆಟ್ಟುಗಳು ಎಂಬ ಆಕ್ಷೇಪ ನಿಜ. ಮೂರು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಉದ್ದೇಶವಿದ್ದವರು ಎಎಂ5 ಬೋರ್ಡ್ ಕೊಂಡು ರೈಜೆನ್ 5 7600ನಂಥದನ್ನು ಹಾಕುವುದು ಜಾಣತನ. ಆದರೆ ಒಮ್ಮೆ ಜೋಡಿಸಿದ ಮೇಲೆ ಏಳೆಂಟು ವರ್ಷ ಮುಚ್ಚಳ ತೆಗೆಯದವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಈ ಭವಿಷ್ಯದ ಮಾತು ದುಬಾರಿಯ ಮಾತು. ಇನ್ನು ಹಳೆಯ ಸೆಕೆಂಡ್ ಹ್ಯಾಂಡ್ ಪ್ರೊಸೆಸರುಗಳ ಆಸೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನವುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುವವರಿಗೆ ಮಾತ್ರ ಆ ದಾರಿ ಇನ್ನೂ ತೆರೆದಿದೆ.

ಮದರ್‌ಬೋರ್ಡಿಗೆ ಹೆಚ್ಚು ಸುರಿಯುವ ಅಗತ್ಯವಿಲ್ಲ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟು, ರ‍್ಯಾಮ್ ಸ್ಲಾಟ್ ಎರಡೋ ನಾಲ್ಕೋ, ಬೇಕಾದ ವಿಡಿಯೊ ಪೋರ್ಟ್ ಇದೆಯೋ ಎಂದು ನೋಡಿದರೆ ಸಾಕು. ಪ್ರೊಸೆಸರ್ ಬೋರ್ಡಿಗಿಂತ ಹೊಸದಾಗಿದ್ದರೆ ಬೋರ್ಡನ್ನು ಎಬ್ಬಿಸುವ ಒಳತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಬೇಕು. ಆಗಿಲ್ಲದಿದ್ದರೆ ಮನೆಗೆ ತಂದ ಮೇಲೆ ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ. ರ‍್ಯಾಮ್ 16 ಜಿಬಿ ಬೇಕೆಂದರೆ 8 ಜಿಬಿಯ ಎರಡು ತುಂಡು ಕೊಳ್ಳಿ. ಎರಡು ತುಂಡುಗಳಿದ್ದಾಗ ಪ್ರೊಸೆಸರ್ ಎರಡೂ ಕಾಲುವೆಗಳಿಂದ ಒಟ್ಟಿಗೆ ಮಾಹಿತಿ ಪಡೆಯುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟುಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಹಾಕಬೇಕು. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ, ಹಳೆಯ ಅಂದಾಜುಪಟ್ಟಿಗಳನ್ನು ನಂಬಿ ಹಣ ಹೊಂದಿಸಬೇಡಿ.

ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ

ಹಾಳೆಯಲ್ಲಿ ಆಟವೋ ಕ್ಯಾಡ್ ಕೆಲಸವೋ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಮುಂದಕ್ಕೆ ಹಾಕಿ, ಎಸ್‌ಎಂಪಿಎಸ್‌ನಲ್ಲಿ ಮಾತ್ರ ಅದಕ್ಕೆ ಜಾಗವಿಟ್ಟುಕೊಳ್ಳಿ. ಆರ್‌ಟಿಎಕ್ಸ್ 4060 ಎಂಬ ಕಾರ್ಡ್ 115 ವ್ಯಾಟ್ ಬಯಸುತ್ತದೆ, ಅದಕ್ಕಿಂತ ಹಳೆಯ 3060 ಎಂಬುದು 170 ವ್ಯಾಟ್. ಎರಡಕ್ಕೂ ತಯಾರಕರು ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲ್ಲನ್ನು ಕಾರ್ಡಿಗೇ ಸಿಕ್ಕಿಸಬೇಕು. ಅಭ್ಯಾಸಬಲದಿಂದ ಬೋರ್ಡಿಗೆ ಸಿಕ್ಕಿಸಿ, ಕಾರ್ಡ್ ಕೆಲಸ ಮಾಡುವುದಿಲ್ಲ ಎಂದು ಹುಬ್ಬಳ್ಳಿಯವರೆಗೆ ಹೊತ್ತುಕೊಂಡು ಹೋದವರನ್ನು ಬಲ್ಲೆ.

ವಿಂಡೋಸಿಗೆ ಮತ್ತು ನಡೆಯುತ್ತಿರುವ ಕೆಲಸಕ್ಕೆ ವೇಗದ ಎನ್‌ವಿಎಂಇ ಜಾತಿಯ ಎಸ್‌ಎಸ್‌ಡಿ ಇರಲಿ. ಎಂ.2 ಆಕಾರದಲ್ಲೇ ಸೆಕೆಂಡಿಗೆ 550 ಎಂಬಿಯ ಆಸುಪಾಸಿಗೆ ನಿಲ್ಲುವ ಸಾಟಾ ಜಾತಿಯೂ ಬರುವುದರಿಂದ ಪೆಟ್ಟಿಗೆಯನ್ನು ಓದಿ ಕೊಳ್ಳಬೇಕು. ಮುಗಿದ ಪ್ರಸಂಗಗಳನ್ನು ಇಡಲು ಅಳಿಯನಿಗೆ ಹಾರ್ಡ್ ಡಿಸ್ಕ್ ಎರಡು ತರಿಸಿದೆ, ಒಂದು ಒಳಗೆ, ಇನ್ನೊಂದು ಬೀರುವಿನಲ್ಲಿ.

ಡಬ್ಬಿ

ಕ್ಯಾಬಿನೆಟ್ಟನ್ನು ದೀಪಗಳ ಚೆಂದಕ್ಕೆ ಆರಿಸುವುದು ರೂಢಿ. ನಮ್ಮ ಹವೆಯಲ್ಲಿ ನೋಡಬೇಕಾದದ್ದು ಜಾಲರಿ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ, ಅದರಲ್ಲೂ ಕಡಲಿಗೆ ಮುಖಮಾಡಿದ ಕಿಟಕಿಯಿರುವ ಮನೆಗಳಲ್ಲಿ, ಗಾಳಿಯೊಡನೆ ಬಂದ ಉಪ್ಪು ಸ್ಕ್ರೂಗಳ ತಲೆಯನ್ನೂ ಯುಎಸ್‌ಬಿ ಪೋರ್ಟುಗಳ ಅಂಚನ್ನೂ ಒಂದೆರಡು ಮಳೆಗಾಲಗಳಲ್ಲೇ ತುಕ್ಕು ಹಿಡಿಸುತ್ತದೆ. ತೊಳೆದು ಒಣಗಿಸಿ ಹಾಕಬಹುದಾದ ಜಾಲರಿ ಮುಂದೆ, ಮೇಲೆ, ಕೆಳಗೆ ಮೂರೂ ಕಡೆ ಇರಲಿ. ಗಾಳಿ ಒಳಗೆಳೆಯುವ ಫ್ಯಾನುಗಳು ಹೊರಹಾಕುವವುಗಳಿಗಿಂತ ಹೆಚ್ಚಿರಲಿ, ಆಗ ಗಾಳಿ ಜಾಲರಿಯ ಮೂಲಕವೇ ಒಳಬಂದು ಸಂದಿಗೊಂದಿಗಳಿಂದ ಹೊರಹೋಗುತ್ತದೆ. ಹಿಂಬದಿಯ ಖಾಲಿ ಸ್ಲಾಟುಗಳ ತಗಡಿನ ಪಟ್ಟಿ ಕಿತ್ತುಹೋಗಿದ್ದರೆ ಅಗತ್ಯವಾಗಿ ಮುಚ್ಚಬೇಕು. ಹೊನ್ನಾವರದ ಒಂದು ಮನೆಯಲ್ಲಿ, ಇದ್ದಕ್ಕಿದ್ದಂತೆ ನಿಂತ ಯಂತ್ರವನ್ನು ಬಿಚ್ಚಿದಾಗ ಆ ಸಂದಿಯಿಂದ ನುಗ್ಗಿದ ಹಲ್ಲಿಯೊಂದು ಬೋರ್ಡಿನ ಹಿಂಬದಿಯ ಬೆಸುಗೆಗಳಿಗೆ ಅಂಟಿ ಕರಕಲಾಗಿತ್ತು, ಬಾಲ ಮಾತ್ರ ಹಾಗೆಯೇ ಇತ್ತು.

ಯಂತ್ರವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಚಾಲೂ ಇಟ್ಟರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಬಟ್ಟೆ ಹೊದಿಸಿ ಮೂರು ತಿಂಗಳು ಮುಚ್ಚಿಟ್ಟ ಯಂತ್ರಕ್ಕೇ ಬೂಸ್ಟು ಹಿಡಿಯುವುದು. ಕೊಳ್ಳುವಾಗ ಬೋರ್ಡಿನ ಅಳತೆ, ಕಾರ್ಡಿನ ಉದ್ದ, ಕೂಲರಿನ ಎತ್ತರ ಈ ಮೂರು ಕ್ಯಾಬಿನೆಟ್ಟಿಗೆ ಹೊಂದುತ್ತವೆಯೇ ನೋಡಿಕೊಳ್ಳಿ. ಮೈಕ್ರೋ ಎಟಿಎಕ್ಸ್ ಬೋರ್ಡ್ 244 ಮಿಲಿಮೀಟರ್ ಚೌಕ, ಹೆಚ್ಚಿನವರಿಗೆ ಅದೇ ಸಾಕು.

ಕೊಳ್ಳುವ ಕ್ರಮ

ಹಣ ಕೂಡಿದಂತೆಲ್ಲ ತಿಂಗಳಿಗೊಂದು ಭಾಗ ತರಿಸುವುದು ಮೊದಲ ಬಾರಿಯವರ ಸಾಮಾನ್ಯ ತಪ್ಪು. ಆನ್‌ಲೈನ್ ಖರೀದಿಯಲ್ಲಿ ಬದಲಿಸಿಕೊಡುವ ಅವಧಿ ಹೆಚ್ಚಾಗಿ ಏಳೋ ಹತ್ತೋ ದಿನ. ಜನವರಿಯಲ್ಲಿ ಬಂದ ಬೋರ್ಡ್ ಕೆಟ್ಟಿದೆಯೆಂದು ಏಪ್ರಿಲಿನಲ್ಲಿ ಪ್ರೊಸೆಸರ್ ಬಂದ ಮೇಲೆ ತಿಳಿದರೆ, ಅಲ್ಲಿಂದ ಮುಂದೆ ಸರ್ವಿಸ್ ಸೆಂಟರಿನ ಅಲೆದಾಟವೇ ಗತಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಈ ನಾಲ್ಕನ್ನು ಒಂದೇ ವಾರದಲ್ಲಿ ಕೈಗೆ ಬರುವಂತೆ ತರಿಸಿ. ಕ್ಯಾಬಿನೆಟ್, ಕೀಬೋರ್ಡ್, ಮಾನಿಟರ್ ಮೊದಲೇ ಬಂದರೂ ಅಡ್ಡಿಯಿಲ್ಲ. ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಮಣ್ಣು ಜಾರುವ ದಿನಗಳಿಗೆ ಮೊದಲೇ, ಮೇ ತಿಂಗಳೊಳಗೆ, ಇದು ಮುಗಿದರೆ ಒಳ್ಳೆಯದು. ಬೆಲೆ ಹೋಲಿಸುವಾಗ ಶೇ 18ರ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಕೆಲಸಕ್ಕೆ ಬರುವುದು ಅದು. ಊರಿನ ಅಂಗಡಿಯವರು ನೂರಿನ್ನೂರು ರೂಪಾಯಿ ಹೆಚ್ಚು ಹೇಳಿದರೂ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಎರಡನ್ನು ನಾನು ಅವರಲ್ಲೇ ಕೊಳ್ಳುತ್ತೇನೆ, ಕೆಟ್ಟಾಗ ಹೊತ್ತೊಯ್ಯುವ ದೂರ ಕಡಿಮೆ.

ಎಲ್ಲ ಬಂದ ದಿನ ಕ್ಯಾಬಿನೆಟ್ಟಿನೊಳಗೆ ಸ್ಕ್ರೂ ಬಿಗಿಯುವ ಮೊದಲು, ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಅದನ್ನಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಕೂರಿಸಿ, 24 ಪಿನ್ನಿನ ಕೇಬಲ್ಲನ್ನೂ ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನೂ ಹಾಕಿ ಚಾಲೂ ಮಾಡಿ ನೋಡಬೇಕು. ಎರಡನೆಯ ಕೇಬಲ್ಲನ್ನು ಮರೆತು, ಫ್ಯಾನ್ ತಿರುಗಿದರೂ ಪರದೆ ಬರಲಿಲ್ಲವೆಂದು ಫೋನ್ ಮಾಡುವವರೇ ಹೆಚ್ಚು. ಪರದೆ ಬಂದೊಡನೆ ಬಯಾಸ್ ಒಳಹೊಕ್ಕು ರ‍್ಯಾಮ್ ಪೂರ್ತಿ ಕಾಣುತ್ತಿದೆಯೇ, ಪ್ರೊಸೆಸರಿನ ಬಿಸಿ ಎಷ್ಟಿದೆ ಎಂದು ನೋಡಿ. ಅಲ್ಲೇ ವಿದ್ಯುತ್ ವಿಭಾಗದಲ್ಲಿ, ಕರೆಂಟ್ ಹೋಗಿ ಬಂದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆಯೊಂದಿರುತ್ತದೆ. ಅದನ್ನು ಆಫ್ ಎಂದೇ ಇಡಿ. ನಮ್ಮಲ್ಲಿ ಕರೆಂಟ್ ಬರುವುದು ಒಂದೇ ಸಲಕ್ಕಲ್ಲ, ಮೂರು ನಾಲ್ಕು ಬಾರಿ ಮಿಣುಕಿ ಆಮೇಲೆ ನಿಲ್ಲುವುದು. ಅಷ್ಟೂ ಬಾರಿ ಯಂತ್ರ ಎದ್ದು ಬೀಳುವುದು ಬೇಡ.